ಜಗಲಿಯಲ್ಲಿ ಕುಳಿತವಳೂ ಉದ್ಯೋಗಸ್ಥೆಯೇ

ಕಳೆದ ಶಾಬಾನ್ ತಿಂಗಳಲ್ಲಿ ಮಾಣಿಯ ಒಂದು ಮನೆಯಿಂದ ನನಗೆ ಕರೆ ಬಂದಿತ್ತು. ಆ ಮನೆಯ ಹಿರಿಯ ಮಗಳು ಬಾಲ್ಯದಲ್ಲಿ ನನ್ನ ಬಳಿ ಕುರ್‌ಆನ್ ಓದಲು ಕಲಿತವಳು. ಈಗ ಬಿ.ಕಾಂ. ಮುಗಿಸಿದ್ದಾಳೆ. ಮಂಗಳೂರಿನ ಲೆಕ್ಕಪತ್ರಗಳ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ತಂದೆಗೆ ಕಳುಹಿಸಲೂ ಮನಸ್ಸಿಲ್ಲ, ಬೇಡವೆನ್ನಲೂ ಧೈರ್ಯವಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ ಅವರು ಕೇಳಿದರು: “ಉಸ್ತಾದರೇ, ಹೆಣ್ಣುಮಗಳನ್ನು ಕೆಲಸಕ್ಕೆ ಕಳುಹಿಸುವುದು ದೀನಿನಲ್ಲಿ ಸರಿಯೇ? ನಮ್ಮ ಮನೆಯ ಹೆಂಗಸರು ಇದುವರೆಗೆ ಯಾರೂ ಕೆಲಸಕ್ಕೆ ಹೋದವರಲ್ಲ.”

ಅವರು ಈ ಮಾತನ್ನು ಹೇಳುವಾಗ ಅವರ ಪತ್ನಿ ನಾಲ್ಕು ಹೆಜ್ಜೆಯಾಚೆ ಗೋಡೆಗೆ ಒರಗಿ ಕುಳಿತು, ಮಡಿಲಲ್ಲಿ ಮೊರವನ್ನಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಆಕೆ ತಲೆ ಎತ್ತಲಿಲ್ಲ. ಬೆರಳುಗಳೂ ನಿಲ್ಲಲಿಲ್ಲ. ಮಗಳ ಕಾಲೇಜಿನ ಶುಲ್ಕ ಎಲ್ಲಿಂದ ಬಂತೆಂದು ನನಗೆ ತಿಳಿದಿತ್ತು, ಏಕೆಂದರೆ ಎರಡು ವರ್ಷ ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿಕೊಟ್ಟವನು ನಾನೇ. ಆ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ‘ಬೀಡಿ ಕಾರ್ಮಿಕೆ’ ಎಂದು ಬರೆದಿದ್ದೆವು. ಸರ್ಕಾರದ ಕಾಗದದಲ್ಲಿ ಉದ್ಯೋಗಸ್ಥೆಯಾದವರು ಸ್ವಂತ ಮನೆಯ ಜಗಲಿಯಲ್ಲಿ ‘ಯಾರೂ ಕೆಲಸಕ್ಕೆ ಹೋದವರಲ್ಲ’ ಎಂಬ ಮಾತಿನೊಳಗೆ ಅಡಗಿಹೋಗಿದ್ದರು.

ಆ ದಿನ ನಾನು ತಂದೆಗೆ ಉತ್ತರ ಹೇಳಿ ಬಂದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಮಿಂಬರುಗಳಲ್ಲಿ, ಮತಪ್ರವಚನಗಳ ವೇದಿಕೆಗಳಲ್ಲಿ, ಸ್ತ್ರೀ ಉದ್ಯೋಗಕ್ಕೆ ಹೋಗಬಹುದೇ ಹೋಗಬಾರದೇ ಎಂಬ ಚರ್ಚೆ ಮೂವತ್ತು ವರ್ಷಗಳಿಂದ ನಡೆಯುತ್ತಲೇ ಇದೆ. ನಾನೂ ಅದರಲ್ಲಿ ಮಾತನಾಡಿದ್ದೇನೆ. ಅಷ್ಟೂ ಕಾಲ ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ತಾಲೂಕುಗಳ ಸಾವಿರಾರು ಮುಸ್ಲಿಂ ಸ್ತ್ರೀಯರು ದುಡಿಯುತ್ತಲೇ ಇದ್ದರು. ಅವರಿಗೆ ಬರುವ ಕೂಲಿ ಪೂರ್ಣವೇ, ಆ ಕೂಲಿ ಯಾರ ಕೈ ಸೇರುತ್ತಿದೆ ಎಂದು ನಮ್ಮಲ್ಲಿ ಕೇಳಿದವರು ಎಷ್ಟು ಮಂದಿ? ಶರೀಅತ್ ಮೊದಲು ಕೇಳುವುದು ಈ ಎರಡನ್ನೇ ಎಂದು ನನಗೆ ಈಗ ತೋರುತ್ತದೆ.

ನನ್ನ ಉಮ್ಮ ಬೀಡಿ ಕಟ್ಟಿ ನಮ್ಮನ್ನು ಬೆಳೆಸಿದವರು. ಸುಬಹ್ ನಮಾಝಿನ ಬಳಿಕ ಅಡುಗೆ ಕೆಲಸ, ದನದ ಕೆಲಸ ಮುಗಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯನ್ನು ಬಿಡಿಸುತ್ತಿದ್ದರು. ಅಳತೆಯ ತಗಡನ್ನಿಟ್ಟು ಕತ್ತರಿಯಿಂದ ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಮಾಡುವುದು, ನೂಲು ಸುತ್ತುವುದು, ತುದಿ ಮಡಚುವುದು, ಇಪ್ಪತ್ತೈದು ಬೀಡಿಗಳ ಕಟ್ಟು ಮಾಡುವುದು. ಸಾವಿರ ಬೀಡಿ ಆಗಬೇಕಾದರೆ ಕೈಚಳಕವುಳ್ಳವರಿಗೂ ಇಡೀ ದಿನ ಬೇಕು. ಇಶಾ ಕಳೆದು ನಾವು ಮಲಗಿದ ಮೇಲೂ ಕತ್ತರಿಯ ಸದ್ದು ಕೇಳುತ್ತಿತ್ತು. ರಮಝಾನಿನಲ್ಲಿ ಮಾತ್ರ ತರಾವೀಹ್‌ನ ಹೊತ್ತಿಗೆ ಮೊರ ಮೂಲೆ ಸೇರುತ್ತಿತ್ತು.

ಬ್ರಾಂಚಿಗೆ ಬೀಡಿ ಕೊಂಡುಹೋಗುವ ಕೆಲಸ ನನ್ನದು. ಅಲ್ಲಿ ನಡೆಯುತ್ತಿದ್ದುದನ್ನು ನಾನು ಇಂದಿಗೂ ಮರೆತಿಲ್ಲ. ಎಲೆಯನ್ನು ತೂಗಿ ಕೊಡುತ್ತಿದ್ದರು. ಆ ತೂಕದಲ್ಲಿ ಹರಿದ ಎಲೆ, ತೂತು ಬಿದ್ದ ಎಲೆ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಬೀಡಿಯ ಸಂಖ್ಯೆ ಮಾತ್ರ ಸರಿಯಾಗಿ ಬರಬೇಕು. ಎಲೆ ಸಾಲದಿದ್ದರೆ ಉಮ್ಮನೇ ಹಣ ಕೊಟ್ಟು ಕೊಂಡು ಹಾಕಬೇಕಿತ್ತು. ಆಮೇಲೆ ಪರೀಕ್ಷೆ. ಮೇಜಿನ ಹಿಂದೆ ಕುಳಿತವರು ಒಂದೆರಡು ಕಟ್ಟುಗಳನ್ನು ಬಿಚ್ಚಿ, ಬೆರಳಲ್ಲಿ ಒತ್ತಿ ನೋಡಿ, ಕೆಲವನ್ನು ಬದಿಗೆ ಎಸೆಯುತ್ತಿದ್ದರು. ಎಸೆದ ಬೀಡಿಗೆ ಕೂಲಿ ಇಲ್ಲ. ಅದು ಮರಳಿ ನಮ್ಮ ಕೈಗೂ ಬರುತ್ತಿರಲಿಲ್ಲ. ಹತ್ತು ವರ್ಷದ ಹುಡುಗನಾದ ನಾನು ಏನು ಹೇಳಲು ಸಾಧ್ಯ? ಉಮ್ಮ ಬರುವ ಹಾಗಿಲ್ಲ, ಏಕೆಂದರೆ ನಮ್ಮ ಮನೆಯ ಹೆಂಗಸರು ಕೆಲಸಕ್ಕೆ ಹೋಗುವವರಲ್ಲವಲ್ಲ!

ಕಣ್ಣೂರಿನ ಕಡೆ ಬೀಡಿ ಕಟ್ಟುವ ಗಂಡಸರು ಒಂದೇ ಶೆಡ್ಡಿನಲ್ಲಿ ಸಾಲಾಗಿ ಕುಳಿತು ದುಡಿಯುತ್ತಿದ್ದ ಕಾಲದಲ್ಲಿ, ಅವರಲ್ಲೊಬ್ಬ ಪತ್ರಿಕೆ ಓದಿ ಹೇಳುತ್ತಿದ್ದ, ಉಳಿದವರು ಕೇಳುತ್ತ ಕೈ ಆಡಿಸುತ್ತಿದ್ದರು. ಆ ಕೇಳುವಿಕೆಯಿಂದ ಸಂಘಟನೆ ಬೆಳೆಯಿತು. 1969ರಲ್ಲಿ ಅಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿ ಕಾರ್ಮಿಕರೇ ಒಡೆಯರಾದರು. ನಮ್ಮ ಕಡೆಯ ಸ್ತ್ರೀಗೆ ಶೆಡ್ ಇರಲಿಲ್ಲ. ಪಕ್ಕದಲ್ಲಿ ಕುಳಿತು ಲೆಕ್ಕ ನೋಡುವ ಸಾಕ್ಷಿಯೂ ಇರಲಿಲ್ಲ. ಅವಳು ಒಂಟಿಯಾಗಿ ಕಟ್ಟಿದಳು, ಅವಳ ಪರವಾಗಿ ಮಗನೋ ಮೈದುನನೋ ಹೋಗಿ ಬಂದ. ಮನೆಯೊಳಗಿನ ದುಡಿಮೆಯಲ್ಲಿ ಮಾನ ಉಳಿಯುತ್ತದೆ ಎಂದು ನಾವು ಸಮಾಧಾನಪಟ್ಟುಕೊಂಡೆವು. ಅದರಲ್ಲಿ ಕೂಲಿಯ ಎಷ್ಟು ಪಾಲು ಸೋರಿಹೋಯಿತೆಂದು ನೋಡಲಿಲ್ಲ.

ಕಾನೂನು ಈ ಸ್ತ್ರೀಯನ್ನು ನಮಗಿಂತ ಮೊದಲೇ ಗುರುತಿಸಿತ್ತು ಎಂಬುದು ನಾಚಿಕೆಯ ಸಂಗತಿ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ‘ನೌಕರ’ ಎಂಬ ಪದದ ಅರ್ಥದೊಳಗೆ ಸೇರಿಸಿತು. ನೂರಕ್ಕೆ ಐದಕ್ಕಿಂತ ಹೆಚ್ಚು ಬೀಡಿಗಳನ್ನು ಸಾಮಾನ್ಯವಾಗಿ ತಿರಸ್ಕರಿಸುವಂತಿಲ್ಲ ಎಂಬ ನಿಯಮವೂ ಬಂತು. ತಿರಸ್ಕೃತ ಬೀಡಿಗೆ ಆ ನಿಯಮಾವಳಿಯಲ್ಲಿ ‘ಛಾಟ್’ ಎಂಬ ಹೆಸರಿದೆ. ಬೀಡಿ ಉದ್ಯಮಿಗಳು ಈ ಕಾಯ್ದೆಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ತೀರ್ಪು ಇಂದಿಗೂ ನಮ್ಮ ಮಂಗಳೂರಿನ ಸಂಸ್ಥೆಯೊಂದರ ಹೆಸರಿನಿಂದಲೇ ಕಾನೂನು ಗ್ರಂಥಗಳಲ್ಲಿ ಕಾಣಿಸುತ್ತದೆ.

ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು 1985ರ ಇನ್ನೊಂದು ತೀರ್ಪು. ಮನೆಯಲ್ಲಿ ಬೀಡಿ ಕಟ್ಟುವವರಿಗೆ ಭವಿಷ್ಯನಿಧಿ ಸಲ್ಲಬೇಕೇ ಬೇಡವೇ ಎಂಬ ಪ್ರಶ್ನೆ ಅಲ್ಲಿತ್ತು. ಅವರು ನಮ್ಮ ಕಣ್ಣೆದುರು ಕೆಲಸ ಮಾಡುವುದಿಲ್ಲ, ನಾವು ಅವರ ಮೇಲ್ವಿಚಾರಣೆ ಮಾಡುವುದಿಲ್ಲ, ಹಾಗಾದ ಮೇಲೆ ನಮ್ಮ ನೌಕರರು ಹೇಗಾದಾರು ಎಂಬುದು ಉದ್ಯಮಿಗಳ ವಾದ. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ತಂದ ಬೀಡಿಯನ್ನು ಪರೀಕ್ಷಿಸಿ ತಿರಸ್ಕರಿಸುವ ಹಕ್ಕು ನಿಮ್ಮಲ್ಲಿದೆಯಲ್ಲ, ಆ ಹಕ್ಕೇ ಮೇಲ್ವಿಚಾರಣೆ ಮತ್ತು ನಿಯಂತ್ರಣ ಎಂಬ ಅರ್ಥದ ಮಾತನ್ನು ನ್ಯಾಯಾಲಯ ಹೇಳಿತು. ಮೇಜಿನ ಹಿಂದೆ ಕುಳಿತು ಉಮ್ಮನ ಬೀಡಿಯನ್ನು ಬದಿಗೆಸೆದ ಆ ಕೈಯೇ, ಉಮ್ಮನಿಗೊಬ್ಬ ಮಾಲಕನಿದ್ದಾನೆ ಎಂಬುದಕ್ಕೆ ಪುರಾವೆಯಾಯಿತು! ಆ ತೀರ್ಪು ಬಂದು ಎಷ್ಟೋ ವರ್ಷಗಳಾದ ಮೇಲೂ ಬ್ರಾಂಚಿನ ಮೇಜಿನೆದುರು ಎಷ್ಟೋ ಹುಡುಗರು ತಲೆತಗ್ಗಿಸಿ ನಿಂತಿದ್ದರು. ನಮ್ಮ ಹಕ್ಕು ಏನೆಂದು ನಮಗೆ ಯಾರೂ ಹೇಳಿರಲಿಲ್ಲ. ಮದ್ರಸದಲ್ಲಿ ‘ಸೂರಃ ಅಲ್ ಮುತಫ್ಫಿಫೀನ್’ ಬಾಯಿಪಾಠ ಮಾಡಿಸಿದ್ದರು. ಅಳೆದು ತೆಗೆದುಕೊಳ್ಳುವಾಗ ಪೂರ್ಣ ತೆಗೆದುಕೊಂಡು, ಅಳೆದು ಕೊಡುವಾಗ ಕಡಿಮೆ ಮಾಡುವವರಿಗೆ ನಾಶ ಕಾದಿದೆ ಎಂಬ ಎಚ್ಚರಿಕೆಯೊಂದಿಗೆ ಆ ಅಧ್ಯಾಯ ಆರಂಭವಾಗುತ್ತದೆ. ಅದು ಬೀಡಿ ಬ್ರಾಂಚಿನ ತಕ್ಕಡಿಗೂ ಸಂಬಂಧಿಸಿದ್ದು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಹೊರಗಿನ ಅನ್ಯಾಯವನ್ನು ಹೇಳುವುದು ಸುಲಭ. ಮನೆಯೊಳಗಿನದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ.

ವಾರದ ಕೂಲಿಯನ್ನು ನಾನು ತಂದು ಕೊಡುತ್ತಿದ್ದದ್ದು ಉಮ್ಮನ ಕೈಗಲ್ಲ, ಬಾಪನ ಕೈಗೆ. ಬಾಪ ಕೆಟ್ಟವರಲ್ಲ. ಆ ಹಣದಲ್ಲಿ ಅಕ್ಕಿ ಬರುತ್ತಿತ್ತು, ಮೀನು ಬರುತ್ತಿತ್ತು, ನಮ್ಮ ಪುಸ್ತಕ ಬರುತ್ತಿತ್ತು. ಆದರೆ ತನ್ನ ತವರಿನ ಮದುವೆಗೆ ಹೋಗಲು ಬಸ್ಸಿನ ಹಣಕ್ಕಾಗಿ ಉಮ್ಮ ಬಾಪನ ಮುಂದೆ ನಿಂತು ಕೇಳುತ್ತಿದ್ದ ದೃಶ್ಯ ನನ್ನ ಕಣ್ಣಲ್ಲಿದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮಲ್ಲಿದೆ. ಕೆಸರಾದ ಕೈ ಒಬ್ಬರದು, ಮೊಸರಿನ ಕೀಲಿಕೈ ಇನ್ನೊಬ್ಬರದು ಆದರೆ ಗಾದೆ ಏನು ಹೇಳೀತು?

ಪುರುಷರು ಗಳಿಸಿದ್ದರಲ್ಲಿ ಪುರುಷರಿಗೆ ಪಾಲು, ಸ್ತ್ರೀಯರು ಗಳಿಸಿದ್ದರಲ್ಲಿ ಸ್ತ್ರೀಯರಿಗೆ ಪಾಲು ಎಂದು ಅಲ್ಲಾಹನು ‘ಅನ್ನಿಸಾ’ ಅಧ್ಯಾಯದ 32ನೇ ಸೂಕ್ತದಲ್ಲಿ ವಿಧಿಸಿದ್ದಾನೆ. ಸ್ತ್ರೀಯ ಗಳಿಕೆ ಸ್ತ್ರೀಯದೇ. ಮಹ್ರ್ ಅವಳದು, ಪಿತ್ರಾರ್ಜಿತದ ಪಾಲು ಅವಳದು, ಕೂಲಿಯೂ ಅವಳದು. ಪತ್ನಿ ಎಷ್ಟೇ ಶ್ರೀಮಂತೆಯಾಗಿರಲಿ, ಅವಳ ಊಟ, ಬಟ್ಟೆ, ವಸತಿಯ ಹೊಣೆ ಪತಿಯ ಮೇಲಿದೆ ಎಂಬುದರಲ್ಲಿ ಫುಕಹಾಗಳಿಗೆ ಸಂಶಯವಿಲ್ಲ. ಅಬ್ದುಲ್ಲಾಹ್ ಇಬ್ನು ಮಸ್‌ಊದ್(ರ)ರ ಪತ್ನಿ ಝೈನಬ್(ರ)ರ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ತನ್ನ ಹಣವನ್ನು ಪತಿಗಾಗಿಯೂ ತನ್ನ ಆಶ್ರಯದಲ್ಲಿರುವ ಅನಾಥರಿಗಾಗಿಯೂ ಖರ್ಚು ಮಾಡಿದರೆ ಅದು ಸದಕಃ ಆದೀತೇ ಎಂದು ಆಕೆ ವಿಚಾರಿಸಿದಾಗ, ಎರಡು ಪ್ರತಿಫಲವಿದೆ, ಬಂಧುತ್ವದ್ದೊಂದು ಮತ್ತು ದಾನದ್ದೊಂದು ಎಂದು ಪ್ರವಾದಿ(ಸ) ತಿಳಿಸಿದರು. ಈ ಉತ್ತರವನ್ನು ಬಿಡಿಸಿ ನೋಡಬೇಕು. ಪತ್ನಿಯ ಹಣ ಪತಿಯ ಹಕ್ಕಾಗಿದ್ದರೆ ಅದನ್ನು ಕೊಡುವುದು ದಾನ ಹೇಗಾದೀತು? ಹಕ್ಕುದಾರನಿಗೆ ಅವನದನ್ನೇ ಒಪ್ಪಿಸಿದರೆ ಅದಕ್ಕೆ ಸದಕಃ ಎನ್ನುವುದಿಲ್ಲ. ಹಾಗಿದ್ದ ಮೇಲೆ ನಮ್ಮ ಊರಿನ ಎಷ್ಟೋ ಗಂಡಸರು ದಶಕಗಳ ಕಾಲ ಪತ್ನಿಯ ಸದಕಃದಿಂದ ಸಂಸಾರ ನಡೆಸಿದವರು. ಅದನ್ನು ಹಾಗೆಂದು ಒಪ್ಪಿಕೊಂಡವರು ಕಡಿಮೆ.

ಖದೀಜಾ(ರ)ರ ಹೆಸರನ್ನು ಇಂತಹ ಲೇಖನಗಳಲ್ಲಿ ಎಲ್ಲರೂ ಎತ್ತುತ್ತಾರೆ. ಅವರು ವರ್ತಕಿಯಾಗಿದ್ದರು, ಪ್ರವಾದಿ(ಸ)ಯವರು ವಿವಾಹಕ್ಕೆ ಮೊದಲು ಅವರ ಸರಕನ್ನು ಶಾಮ್‌ಗೆ ಕೊಂಡೊಯ್ದರು ಎಂಬಲ್ಲಿಗೆ ನಮ್ಮ ಭಾಷಣ ಮುಗಿಯುತ್ತದೆ. ನನಗೆ ಅದಕ್ಕಿಂತ ಹತ್ತಿರದವರೆನಿಸುವುದು ಜಾಬಿರ್(ರ)ರ ತಾಯಿಯ ಸಹೋದರಿ. ಅವರಿಗೆ ತಲಾಕ್ ಆಗಿತ್ತು. ಇದ್ದತ್ ಕಾಲದಲ್ಲಿ ತಮ್ಮ ಖರ್ಜೂರ ಕೊಯ್ಯಲು ಹೊರಟಾಗ ಒಬ್ಬಾತ ಗದರಿಸಿದ. ಅವರು ನೇರವಾಗಿ ಪ್ರವಾದಿ(ಸ)ಯವರ ಬಳಿಗೆ ಹೋದರು. ಕೊಯ್ಯಲು ಹೋಗು, ಅದರಿಂದ ನೀನು ದಾನ ಮಾಡಬಹುದು, ಒಳಿತನ್ನು ಮಾಡಬಹುದು ಎಂಬ ಉತ್ತರ ಸಿಕ್ಕಿತು. ಇದು ಮುಸ್ಲಿಮ್ ಗ್ರಂಥದಲ್ಲಿರುವ ಹದೀಸ್. ಆ ಸ್ತ್ರೀ ಧನಿಕ ವರ್ತಕಿಯಲ್ಲ, ಕತ್ತಿ ಹಿಡಿದು ತೋಟಕ್ಕೆ ಹೊರಟ ಹೆಂಗಸು. ನಮ್ಮ ಅಡಕೆ ತೋಟಗಳ ನಡುವೆ ಕಾಣಸಿಗುವವರಂತೆ. ಗದರಿಸಿದವನೂ ನಮಗೆ ಅಪರಿಚಿತನಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆಂದು ನನಗೆ ಗೊತ್ತು. ಪತಿಯ ಅನುಮತಿ, ಉಡುಪಿನ ಮರ್ಯಾದೆ, ಅನ್ಯಪುರುಷರೊಂದಿಗೆ ಏಕಾಂತದ ನಿಷೇಧ ಇವೆಲ್ಲ ಇಲ್ಲವೇ ಎಂದು ಕೇಳುತ್ತಾರೆ. ಇವೆ. ನಾನೇ ಫಿಕ್ಹ್ ತರಗತಿಯಲ್ಲಿ ಇವುಗಳನ್ನು ಪಾಠ ಮಾಡಿದ್ದೇನೆ, ಮುಂದೆಯೂ ಮಾಡುತ್ತೇನೆ. ಆದರೆ ಆ ಗ್ರಂಥಗಳ ಒಂದು ಪುಟವನ್ನು ಓದಿ ಇನ್ನೊಂದನ್ನು ಮಡಚಿಡುವ ಅಭ್ಯಾಸ ನಮಗಿದೆ. ನಾವು ಅನುಸರಿಸುವ ಶಾಫಿಈ ಮದ್‌ಹಬಿನ ಹಿಂದಿನ ವಿದ್ವಾಂಸರು ಅಡುಗೆ, ಹಿಟ್ಟು ಬೀಸುವುದು, ಬಟ್ಟೆ ಒಗೆಯುವುದು ಪತ್ನಿಯ ಮೇಲೆ ಕಡ್ಡಾಯವಲ್ಲ ಎಂದು ಬರೆದಿದ್ದಾರೆ. ಅನುಮತಿಯ ಅಧ್ಯಾಯ ನೆನಪಿರುವ ಗಂಡಂದಿರಿಗೆ ಈ ಅಧ್ಯಾಯ ನೆನಪಾಗುವುದು ಅಪರೂಪ. ಮರ್ಯಾದೆಯ ವಿಷಯದಲ್ಲೂ ಅಷ್ಟೇ. ‘ಅನ್ನೂರ್’ ಅಧ್ಯಾಯದಲ್ಲಿ ದೃಷ್ಟಿಯನ್ನು ತಗ್ಗಿಸಬೇಕೆಂಬ ಆಜ್ಞೆ ಮೊದಲು ಬಂದಿರುವುದು ಪುರುಷರಿಗೆ, 30ನೇ ಸೂಕ್ತದಲ್ಲಿ. ಸ್ತ್ರೀಯರಿಗೆ ಬಂದದ್ದು ಅದರ ನಂತರದ ಸೂಕ್ತದಲ್ಲಿ. ಕೆಲಸದ ಜಾಗ ಸುರಕ್ಷಿತವಲ್ಲ ಎಂದಾದರೆ ಮೊದಲು ತಿದ್ದಬೇಕಾದದ್ದು ಆ ಜಾಗವನ್ನು ಮತ್ತು ಅಲ್ಲಿರುವ ಗಂಡಸರನ್ನು. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಸಂಸ್ಥೆಯಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಹತ್ತಕ್ಕಿಂತ ಕಡಿಮೆ ಮಂದಿ ಇರುವಲ್ಲಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಗಳನ್ನು ಕೆಲಸಕ್ಕೆ ಕಳುಹಿಸುವ ಮೊದಲು ನೂರು ಪ್ರಶ್ನೆ ಕೇಳುವ ತಂದೆ, ಅಲ್ಲಿ ಈ ಸಮಿತಿ ಇದೆಯೇ ಎಂಬ ಒಂದು ಪ್ರಶ್ನೆಯನ್ನೂ ಕೇಳಲಿ. ನಮ್ಮವರೇ ನಡೆಸುವ ಬಟ್ಟೆ ಅಂಗಡಿಗಳು, ಆಸ್ಪತ್ರೆಗಳು, ಶಾಲೆಗಳು ಕರಾವಳಿಯಲ್ಲಿ ಎಷ್ಟಿವೆ! ಅವುಗಳಲ್ಲೂ ಕೇಳಲಿ.

ಈಗ ನನ್ನದೇ ತಪ್ಪನ್ನು ಹೇಳಬೇಕು. ಹೇಳದಿದ್ದರೆ ಮೇಲಿನದೆಲ್ಲ ಪರರಿಗೆ ಮಾಡಿದ ಉಪದೇಶವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ದೀನೀ ಸಂಸ್ಥೆಯ ಆಡಳಿತ ಸಭೆಯಲ್ಲಿ ನಾನು ಕುಳಿತಿದ್ದೆ. ಸಂಸ್ಥೆಯ ಹೆಸರು ಬೇಡ. ಹೆಣ್ಣುಮಕ್ಕಳ ವಿಭಾಗದಲ್ಲಿ ಪಾಠ ಮಾಡುವ ಮುಅಲ್ಲಿಮಾಗಳ ವೇತನ ಚರ್ಚೆಗೆ ಬಂತು. ಅವರಿಗೆ ಕೊಡುತ್ತಿದ್ದದ್ದು ಉಸ್ತಾದರಿಗೆ ಕೊಡುವುದರ ಅರ್ಧಕ್ಕಿಂತ ತುಸು ಹೆಚ್ಚು. ಪಾಠದ ಗಂಟೆಗಳು ಅಷ್ಟೇ, ಪುಸ್ತಕಗಳೂ ಅವೇ. ಓದಿನ ಅರ್ಹತೆಯಲ್ಲಿ ಅವರಲ್ಲೊಬ್ಬರು ನನಗಿಂತ ಮುಂದಿದ್ದರು, ಎಂ.ಎ., ಬಿ.ಎಡ್. ಆಗಿತ್ತು. ಹೆಚ್ಚಿಸಬೇಕೆಂಬ ಮನವಿಯನ್ನು ಅವರು ಸ್ಪಷ್ಟ ಕನ್ನಡದಲ್ಲಿ ಬರೆದು ಕೊಟ್ಟಿದ್ದರು. ಸಭೆಯಲ್ಲಿ ಒಬ್ಬರು ಹೇಳಿದರು: “ಅವರಿಗೆ ಮನೆ ನಡೆಸುವ ಜವಾಬ್ದಾರಿ ಇಲ್ಲವಲ್ಲ.” ಇನ್ನೊಬ್ಬರು ಒಂದು ಹೆಜ್ಜೆ ಮುಂದೆ ಹೋಗಿ, ಪಿತ್ರಾರ್ಜಿತದಲ್ಲೇ ಗಂಡಿಗೆ ಎರಡು, ಹೆಣ್ಣಿಗೆ ಒಂದು ಪಾಲಲ್ಲವೇ ಎಂದರು. ಹಲವರು ತಲೆದೂಗಿದರು.

ನಾನು ಮಾತನಾಡಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಸಂಬಳ ನಿಗದಿಪಡಿಸುವವರ ಎದುರು ಕುಳಿತಿದ್ದೆ ಎಂಬುದೊಂದೇ ಕಾರಣ.

ಆ ದಿನ ಹೇಳಬೇಕಾಗಿದ್ದದ್ದು ಇದು. ವಾರೀಸು ಬೇರೆ, ಕೂಲಿ ಬೇರೆ. ಮಕ್ಕಳ ನಡುವೆ ಆಸ್ತಿ ಹಂಚುವಾಗ ಗಂಡಿಗೆ ಎರಡು ಪಾಲು ಬರುವುದು ಕುಟುಂಬದ ಖರ್ಚಿನ ಹೊಣೆಯನ್ನು ಶರೀಅತ್ ಅವನ ಮೇಲಿಟ್ಟಿರುವುದರಿಂದ ಎಂದು ವಿದ್ವಾಂಸರು ವಿವರಿಸುತ್ತಾರೆ. ಅದು ಯಾರೂ ದುಡಿಯದೆ ಬರುವ ಸಂಪತ್ತಿನ ಹಂಚಿಕೆ. ಕೂಲಿ ಹಾಗಲ್ಲ. ಅದು ದುಡಿಮೆಗೆ ಬದಲಾಗಿ ಕೊಡುವ ಮೌಲ್ಯ. ಫಿಕ್ಹ್ ಗ್ರಂಥಗಳಲ್ಲಿ ಅದಕ್ಕೆ ‘ಇಜಾರಃ’ ಎಂಬ ಪ್ರತ್ಯೇಕ ಅಧ್ಯಾಯವಿದೆ. ಕೆಲಸ ಯಾವುದು, ಅವಧಿ ಎಷ್ಟು, ಪ್ರತಿಫಲ ಎಷ್ಟು ಎಂಬುದು ಸ್ಪಷ್ಟವಾಗಿರಬೇಕೆಂದು ಅಲ್ಲಿ ಹೇಳಿದೆ. ಒಪ್ಪಂದ ಅಸ್ಪಷ್ಟವಾದರೆ ಅಂತಹ ಕೆಲಸಕ್ಕೆ ಸಲ್ಲುವ ರೂಢಿಯ ಕೂಲಿಯನ್ನು, ‘ಉಜ್‌ರತುಲ್ ಮಿಥ್ಲ್’ ಅನ್ನು, ಕೊಡಬೇಕೆಂದು ಹೇಳಿದೆ. ದುಡಿಯುವವಳು ಹೆಣ್ಣಾದರೆ ಅರ್ಧ ಎಂದು ಬರೆದ ಪುಟ ನಾನು ಓದಿದ ಗ್ರಂಥಗಳಲ್ಲಿ ಎಲ್ಲಿಯೂ ಕಂಡಿಲ್ಲ. ಮನೆ ನಡೆಸುವ ಹೊಣೆಯೇ ಅಳತೆಗೋಲಾದರೆ ಅವಿವಾಹಿತ ಉಸ್ತಾದರಿಗೆ ಕಡಿಮೆ, ಆರು ಮಕ್ಕಳಿರುವವರಿಗೆ ಹೆಚ್ಚು ಕೊಡಬೇಕಾಗುತ್ತಿತ್ತು. ಹಾಗೆ ಯಾರೂ ಮಾಡುವುದಿಲ್ಲ. ಆ ಮುಅಲ್ಲಿಮಾಗಳಲ್ಲಿ ಒಬ್ಬರು ವಿಧವೆ, ಇಬ್ಬರು ಮಕ್ಕಳ ತಾಯಿ ಎಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಕುರ್‌ಆನಿನಲ್ಲಿ ದುಡಿಮೆಯ ಪ್ರತಿಫಲದ ಕುರಿತು ಬಂದಿರುವ ಅತ್ಯಂತ ಸ್ಪಷ್ಟ ಆಜ್ಞೆಗಳಲ್ಲಿ ಒಂದು ಸ್ತ್ರೀಯರಿಗೆ ಸಂಬಂಧಿಸಿದ್ದು ಎಂಬುದನ್ನು ನಾವು ಗಮನಿಸುವುದೇ ಇಲ್ಲ. ‘ಅತ್ತಲಾಕ್’ ಅಧ್ಯಾಯದ 6ನೇ ಸೂಕ್ತದಲ್ಲಿ, ವಿಚ್ಛೇದಿತ ಪತ್ನಿಯರು ನಿಮ್ಮ ಮಗುವಿಗೆ ಹಾಲುಣಿಸಿದರೆ ಅವರ ಪ್ರತಿಫಲವನ್ನು ಅವರಿಗೆ ಕೊಡಿರಿ ಎಂದಿದೆ. ತಾಯಿ ತನ್ನ ಹೆತ್ತ ಮಗುವಿಗೆ ಹಾಲು ಕೊಡುವುದನ್ನೂ ಲೆಕ್ಕಕ್ಕೆ ಬರುವ ದುಡಿಮೆಯೆಂದು ಎಣಿಸಿದ ಗ್ರಂಥವನ್ನು ಕಲಿಸುವ ಕೆಲಸಕ್ಕೆ ನಾವು ಅರ್ಧ ಕೂಲಿ ಕೊಡುತ್ತಿದ್ದೆವು. ಇನ್ನು ‘ಅಲ್ ಕಸಸ್’ ಅಧ್ಯಾಯದಲ್ಲಿ ಮದ್‌ಯನ್‌ನ ಇಬ್ಬರು ಸಹೋದರಿಯರ ಕಥೆಯಿದೆ. ತಂದೆ ವೃದ್ಧರಾದ್ದರಿಂದ ಅವರೇ ಕುರಿಗಳಿಗೆ ನೀರು ಕುಡಿಸಲು ಬಾವಿಯ ಬಳಿ ಕಾಯುತ್ತಿದ್ದರು. ಗಂಡಸರ ಗುಂಪಿನಿಂದಾಗಿ ಅವರ ಸರದಿ ಬರುತ್ತಿರಲಿಲ್ಲ. ಮೂಸಾ(ಅ) ಅವರನ್ನು ಮನೆಗೆ ಹೋಗಿರೆಂದು ಗದರಿಸಲಿಲ್ಲ, ಅವರ ಕುರಿಗಳಿಗೆ ನೀರು ಕುಡಿಸಿಕೊಟ್ಟರು. ಮುಂದೆ ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳಿ, ಬಲಶಾಲಿಯೂ ನಂಬಿಗಸ್ತನೂ ಆದವನೇ ಉತ್ತಮ ಕೆಲಸಗಾರ ಎಂದು ತಂದೆಗೆ ಸಲಹೆ ಕೊಟ್ಟವಳು ಅವರಲ್ಲೊಬ್ಬಳು. ಸಾಮರ್ಥ್ಯ ಮತ್ತು ಪ್ರಾಮಾಣಿಕತೆಯ ಆ ಅಳತೆಗೋಲು ಒಬ್ಬ ದುಡಿಯುವ ಹೆಣ್ಣಿನ ಬಾಯಿಂದ ಬಂದದ್ದು. ಅದರಲ್ಲಿ ಗಂಡು ಹೆಣ್ಣೆಂಬ ಮೂರನೆಯ ಅಳತೆಯಿಲ್ಲ.

ನಮ್ಮ ದೇಶದ ಕಾನೂನಿನಲ್ಲೂ ಇಲ್ಲ. ಒಂದೇ ಬಗೆಯ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ವೇತನ ಕೂಡದೆಂದು 1976ರ ಸಮಾನ ವೇತನ ಕಾಯ್ದೆ ಹೇಳಿತು. ಅದನ್ನು ಒಳಗೊಂಡು ರೂಪುಗೊಂಡ 2019ರ ವೇತನ ಸಂಹಿತೆಯೂ ಹಾಗೆಯೇ ಹೇಳುತ್ತದೆ. ಕಾರ್ಮಿಕನಿಂದ ಪೂರ್ಣ ದುಡಿಮೆ ಪಡೆದು ಕೂಲಿ ಕೊಡದವನ ವಿರುದ್ಧ ಪರಲೋಕದಲ್ಲಿ ಸ್ವತಃ ಅಲ್ಲಾಹನೇ ಎದುರು ಪಕ್ಷದಲ್ಲಿ ನಿಲ್ಲುವನೆಂಬ ಹದೀಸ್ ಬುಖಾರಿಯಲ್ಲಿದೆ. ದುಡಿದವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಇಬ್ನು ಮಾಜಃ ಗ್ರಂಥದ ಹದೀಸ್ ಅನ್ನು ನಾವು ಮೇ ತಿಂಗಳ ಮೊದಲ ವಾರದ ಖುತುಬಾದಲ್ಲಿ ಉರು ಹೊಡೆದವರಂತೆ ಹೇಳುತ್ತೇವೆ. ಮಸೀದಿಯ ಅಂಗಳದಲ್ಲೇ ಬೆವರು ಆರಿದ ಎಷ್ಟೋ ತಿಂಗಳುಗಳ ಬಳಿಕ ಅರ್ಧ ಕೂಲಿ ಪಡೆಯುವವರಿದ್ದಾರೆ.

ಮನವಿ ಬರೆದ ಆ ಮುಅಲ್ಲಿಮಾ ಮುಂದಿನ ವರ್ಷ ಕೆಲಸ ಬಿಟ್ಟು ಒಂದು ಆಂಗ್ಲ ಮಾಧ್ಯಮ ಶಾಲೆ ಸೇರಿದರು. ಬಿಟ್ಟುಹೋಗುವಾಗ ನನ್ನಲ್ಲಿ, “ಉಸ್ತಾದ್, ನೀವಾದರೂ ಒಂದು ಮಾತು ಹೇಳುತ್ತೀರೆಂದು ಭಾವಿಸಿದ್ದೆ” ಎಂದರು. ಅದಾದ ಮೇಲಿನ ಸಭೆಯಲ್ಲಿ ನಾನು ಹೇಳಿದೆ. ಉಸ್ತಾದರಿಗೆ ರಾತ್ರಿ ದರ್ಸಿನ ಹೊಣೆ ಹೆಚ್ಚಿಗೆ ಇದ್ದರೆ ಆ ಗಂಟೆಗಳ ಲೆಕ್ಕ ಹಾಕಿ ಹೆಚ್ಚು ಕೊಡಿ, ಉಳಿದ ಗಂಟೆಗಳಿಗೆ ದರ ಒಂದೇ ಇರಲಿ ಎಂದೆ. ಮೂವರು ಒಪ್ಪಿದರು. ವೇತನ ಸ್ವಲ್ಪ ಏರಿತು. ಸಮವಾಗಲಿಲ್ಲ. ಈ ವರ್ಷದ ಸಭೆಯಲ್ಲಿ ಅದು ಮತ್ತೆ ಬರುತ್ತದೆ, ನಾನೇ ತರುತ್ತೇನೆ.

ಕೂಲಿ ಸಮವಾದರೂ ದಿನ ಸಮವಾಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅದರಲ್ಲಿ ಕೈಹಾಕುವ ಪುರುಷರು ಕೊಡುವುದು 88 ನಿಮಿಷ. ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಷಾ(ರ) ತಿಳಿಸಿದ್ದಾರೆ. ನಮ್ಮಲ್ಲಿ ಸುನ್ನತ್ ಎಂದು ಗಡ್ಡದ ಉದ್ದವನ್ನು ಚರ್ಚಿಸುವಷ್ಟು ಉತ್ಸಾಹ ಪಾತ್ರೆ ತೊಳೆಯುವ ಸುನ್ನತ್‌ನ ವಿಷಯದಲ್ಲಿ ಕಾಣುವುದಿಲ್ಲ. ನನ್ನಲ್ಲೂ ಕಡಿಮೆಯೇ.

ಬೀಡಿಯ ಕಾಲ ಇನ್ನು ಹೆಚ್ಚು ಉಳಿದಿಲ್ಲ. ಹಲವೆಡೆ ವಾರದಲ್ಲಿ ಕೆಲವೇ ದಿನ ಎಲೆ ಸಿಗುತ್ತಿದೆ. ಹೊಗೆಸೊಪ್ಪು ಸೇದುವವನ ಶ್ವಾಸಕೋಶವನ್ನೂ ಕಟ್ಟುವವಳ ಶ್ವಾಸಕೋಶವನ್ನೂ ಕೆಡಿಸುತ್ತದೆ. ಧೂಮಪಾನ ನಿಷಿದ್ಧವೆನ್ನುವ ವಿದ್ವಾಂಸರ ಅಭಿಪ್ರಾಯವನ್ನು ತಿಳಿದೂ ನಾವು ಬೀಡಿ ಕಟ್ಟುವ ಮನೆಗಳಲ್ಲಿ ಅದನ್ನು ಮೆಲುದನಿಯಲ್ಲೇ ಹೇಳಿದೆವು. ಬೇರೆ ದಾರಿ ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ. ಆ ಉಮ್ಮಂದಿರು ತಾವೇ ದಾರಿ ಮಾಡಿದರು. ಮೊರದ ಮೇಲೆ ಬಗ್ಗಿ ಕುಳಿತು ಮಗಳನ್ನು ಪದವಿವರೆಗೆ ಓದಿಸಿದರು. ಈಗ ಆ ಮಗಳು ಮಾಣಿಯ ಕೂಡುರಸ್ತೆಯಲ್ಲಿ ಬೆಳಗ್ಗೆ ಮಂಗಳೂರಿನ ಬಸ್ಸಿಗೆ ಕಾಯುತ್ತಾಳೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ಟಿನ ಹಣ ಬೇಡ. ಕಲ್ಲಡ್ಕದ ಮೇಲ್ಸೇತುವೆ ಕಾಮಗಾರಿ ನಡೆಯುತ್ತಿದ್ದ ವರ್ಷಗಳಲ್ಲಿ ಆ ಧೂಳು ಕುಡಿದು ಕಾಲೇಜಿಗೆ ಹೋಗಿ ಬಂದವರು ಇವರೇ. ಇವರನ್ನು ಪದವಿಯ ಪ್ರಮಾಣಪತ್ರದೊಂದಿಗೆ ಮರಳಿ ಜಗಲಿಗೆ ಕೂರಿಸುವುದಾದರೆ, ತಾಯಿಯ ಬೆನ್ನು ಬಾಗಿದ್ದು ಯಾತಕ್ಕಾಗಿ?

ಆರಂಭದಲ್ಲಿ ಹೇಳಿದ ತಂದೆಗೆ ನಾನು ಕೊಟ್ಟ ಉತ್ತರ ಚಿಕ್ಕದು. ಕಚೇರಿಯನ್ನು ಹೋಗಿ ನೋಡಿ ಬನ್ನಿ, ಜೊತೆಗೆ ಯಾರು ಯಾರು ಕೆಲಸ ಮಾಡುತ್ತಾರೆಂದು ತಿಳಿದುಕೊಳ್ಳಿ, ನೇಮಕದ ಪತ್ರ ಬರವಣಿಗೆಯಲ್ಲಿ ಕೊಡಲಿ, ಮಗಳ ಮನಸ್ಸನ್ನು ಕೇಳಿ, ನಂತರ ಬಿಸ್ಮಿಲ್ಲಾ ಹೇಳಿ ಕಳುಹಿಸಿ ಎಂದೆ. ಅವರು ಹಾಗೆಯೇ ಮಾಡಿದರು. ಈಗ ಬೆಳಗ್ಗೆ ಸ್ಕೂಟರಿನಲ್ಲಿ ಬಸ್ ನಿಲ್ದಾಣದವರೆಗೆ ಅವರೇ ಬಿಟ್ಟು ಬರುತ್ತಾರೆ.

ಮೊದಲ ತಿಂಗಳು ಮುಗಿಯುವ ಹೊತ್ತಿಗೆ ಮತ್ತೆ ಫೋನ್ ಬಂತು. “ಉಸ್ತಾದರೇ, ಸಂಬಳವನ್ನು ನನ್ನ ಖಾತೆಗೇ ಹಾಕಿಸಲೇ? ಅವಳಿಗೆ ಇನ್ನೂ ವ್ಯವಹಾರಜ್ಞಾನ ಇಲ್ಲ” ಎಂದರು. ಲೆಕ್ಕಪತ್ರಗಳ ಕಚೇರಿಯಲ್ಲಿ ದುಡಿಯುವವಳ ವ್ಯವಹಾರಜ್ಞಾನದ ಬಗ್ಗೆ ನಾನು ನಕ್ಕೆ, ಅವರೂ ನಕ್ಕರು. ಆಮೇಲೆ ‘ಅನ್ನಿಸಾ’ ಅಧ್ಯಾಯದ 32ನೇ ಸೂಕ್ತವನ್ನು ಓದಿ ಅರ್ಥ ಹೇಳಿದೆ. ಖಾತೆ ಅವಳ ಹೆಸರಿನಲ್ಲೇ ಆಯಿತು.

ಮಾತು ಮುಗಿಸುವ ಮೊದಲು ನಾನೊಂದು ಕೇಳಿದೆ: “ನಿಮ್ಮ ಮನೆಯವರ ಬೀಡಿಯ ಪಾಸ್‌ಬುಕ್, ಭವಿಷ್ಯನಿಧಿಯ ಕಾಗದ ಎಲ್ಲಿದೆ?” ಸ್ವಲ್ಪ ಹೊತ್ತು ಮೌನ. ತನ್ನ ಕಪಾಟಿನಲ್ಲಿ ರೇಷನ್ ಕಾರ್ಡಿನ ಜೊತೆಗಿದೆ ಎಂದರು. ತೆಗೆದು ನೋಡಿದಾಗ ಆಕೆಯ ಹೆಸರು ಅದರಲ್ಲೊಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇತ್ತು. ಹಾಗೆಯೇ ಬಿಟ್ಟರೆ ನಾಳೆ ಹಣ ಕೈಗೆ ಬರುವಾಗ ತೊಡಕಾಗುತ್ತದೆ. ಹೆಸರು ತಿದ್ದಿಸುವ ಅರ್ಜಿಯನ್ನು ಕಳೆದ ವಾರ ಬರೆದುಕೊಟ್ಟಿದ್ದೇನೆ. ಸಹಿ ಹಾಕಲು ಆಕೆಯೇ ಬರಬೇಕು ಎಂದಾಗ, ಮೊರವನ್ನು ಬದಿಗಿಟ್ಟು ಕೈ ತೊಳೆದುಕೊಂಡು ಬಂದರು. ಪೆನ್ನು ಹಿಡಿಯುವ ಮೊದಲು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಪೂರ್ತಿ ಓದಿದರು.